ಕಡಲಹಂದಿ, ಕಾಡುಹಂದಿ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ನಮ್ಮ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ತೈಜಿಯ ವಿಡಿಯೋ ತಿರುಗೋಕೆ ಶುರುವಾಗುತ್ತೆ. ತೈಜಿ ಜಪಾನಿನ ವಕಾಯಾಮಾ ಪ್ರಾಂತ್ಯದ ಸಣ್ಣ ಊರು, ಜನಸಂಖ್ಯೆ ಮೂರು ಸಾವಿರದ ಆಸುಪಾಸು. ವಿಡಿಯೋದಲ್ಲಿ ಒಂದು ಕಿರಿದಾದ ಕೊಲ್ಲಿ, ಸಾಲು ದೋಣಿಗಳು, ಯಾರಿಗೂ ಕಾಣದಿರಲಿ ಅಂತ ಎಳೆದು ಕಟ್ಟಿದ ತಾಡಪತ್ರಿ. ಅದರ ಕೆಳಗೆ ಡಾಲ್ಫಿನ್‌ಗಳನ್ನು ಕೊಲ್ಲುತ್ತಾರೆ. ವಿಡಿಯೋದ ಬೆನ್ನಿಗೇ ಒಂದು ಅರ್ಜಿಯ ಲಿಂಕ್ ಬರುತ್ತೆ, ಎಲ್ಲರೂ ಸಹಿ ಮಾಡಿ ಅಂತ. ಹತ್ತು ನಿಮಿಷದಲ್ಲಿ ಅಳುವ ಮುಖಗಳು, ಒಡೆದ ಹೃದಯಗಳು, "ಮನುಷ್ಯರಾ ಇವರು?" ಅನ್ನೋ ಪ್ರಶ್ನೆ. ನಮ್ಮ ಕ್ಲೈಂಟ್ ಜಪಾನಿನವರೇ ಆದ್ದರಿಂದ ಈ ಚರ್ಚೆ ಯಾವಾಗಲೂ ಅಫಿಷಿಯಲ್ ಗುಂಪಿನಲ್ಲಿ ನಡೆಯೋದಿಲ್ಲ, ಅನ್‌ಅಫಿಷಿಯಲ್ ಗುಂಪಿನಲ್ಲಿ ನಡೆಯುತ್ತೆ. ಸಿಟ್ಟಿಗೂ ಒಂದು ಶಿಸ್ತು ಬೇಕಲ್ಲ.

ಮೊದಲೇ ಹೇಳಿಬಿಡ್ತೀನಿ: ಆ ಬೇಟೆ ನೋಡೋಕೆ ಆಗೋದಿಲ್ಲ. ಅದು ನಡೆಯೋ ರೀತಿ ತಿಳಿದ ಮೇಲಂತೂ ಇನ್ನೂ ಕಷ್ಟ. ಡಾಲ್ಫಿನ್‌ಗೆ ಸಮುದ್ರದಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ತಾನೇ ಸದ್ದು ಮಾಡಿ, ಅದು ತಿರುಗಿ ಬಂದಾಗ ಕೇಳಿಸಿಕೊಂಡು, ಮುಂದೆ ಏನಿದೆ ಅಂತ ತಿಳಿಯುವ ಪ್ರಾಣಿ. ತೈಜಿಯ ಬೇಟೆಗಾರರು ಹೊಡೆಯೋದು ಆ ಕಿವಿಗೇ. ಹತ್ತು-ಹನ್ನೆರಡು ದೋಣಿ ಸಾಲಾಗಿ ನಿಂತು, ಕಬ್ಬಿಣದ ಕೊಳವೆಗಳನ್ನು ನೀರಿಗಿಳಿಸಿ, ಮೇಲಿನ ತುದಿಯನ್ನು ಸುತ್ತಿಗೆಯಿಂದ ಬಡಿಯುತ್ತಾರೆ. ನೀರೊಳಗೆ ಸದ್ದಿನ ಗೋಡೆ ಎದ್ದು ನಿಲ್ಲುತ್ತೆ. ದಿಕ್ಕು ತಪ್ಪಿದ ಹಿಂಡು ಗೋಡೆ ಇಲ್ಲದ ಕಡೆ ಓಡುತ್ತೆ, ಅಲ್ಲಿರೋದೇ ಆ ಕೊಲ್ಲಿ. ಬಾಯಿಗೆ ಬಲೆ ಬೀಳುತ್ತೆ. ಆಮೇಲೆ ಆರಿಸುವ ಕೆಲಸ. ಎಳೆಯವು, ಮೈಮೇಲೆ ಗಾಯವಿಲ್ಲದವು ಜೀವಂತ ಮಾರಾಟಕ್ಕೆ, ಉಳಿದವು ಮಾಂಸಕ್ಕೆ. ಜೀವಂತ ಡಾಲ್ಫಿನ್‌ಗೆ ಸಿಗುವ ಬೆಲೆಯ ಮುಂದೆ ಮಾಂಸದ ಬೆಲೆ ಚಿಲ್ಲರೆ. ಅಕ್ವೇರಿಯಂನಲ್ಲಿ ಚೆಂಡು ಹಾರಿಸೋದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟೋ ದುಡ್ಡೇ ಆ ಕೊಲ್ಲಿಯ ಡೀಸೆಲ್.

2009ರಲ್ಲಿ 'ದಿ ಕೋವ್' ಅನ್ನೋ ಸಾಕ್ಷ್ಯಚಿತ್ರ ಬಂದು ಮರುವರ್ಷ ಆಸ್ಕರ್ ತಗೊಂಡಿತು. ತೈಜಿ ಜಗತ್ತಿಗೆಲ್ಲ ಗೊತ್ತಾಗಿದ್ದು ಆವಾಗ. "ಇದು ನಮ್ಮ ಪರಂಪರೆ" ಅಂತ ಊರಿನವರು ಹೇಳಿದರು. ಅರ್ಧ ನಿಜ. ಅಲ್ಲಿ ಸಂಘಟಿತ ತಿಮಿಂಗಿಲ ಬೇಟೆ 1606ರಲ್ಲೇ ಶುರುವಾಗಿತ್ತು. 1878ರಲ್ಲಿ ಒಂದು ತಿಮಿಂಗಿಲದ ಬೆನ್ನು ಹತ್ತಿ ಹೋಗಿ ಬಿರುಗಾಳಿಗೆ ಸಿಕ್ಕು ನೂರಕ್ಕೂ ಹೆಚ್ಚು ಗಂಡಸರು ತೀರಿಕೊಂಡರು. ಅಂಥ ಊರು ಸಮುದ್ರದ ಜೊತೆಗಿನ ತನ್ನ ಸಂಬಂಧವನ್ನು ಸುಲಭಕ್ಕೆ ಬಿಡೋದಿಲ್ಲ, ಅರ್ಥವಾಗುತ್ತೆ. ಆದರೆ ಹಿಂಡನ್ನೇ ಕೊಲ್ಲಿಗೆ ಅಟ್ಟಿ ಹಿಡಿಯುವ ಈಗಿನ ಪದ್ಧತಿ ಗಟ್ಟಿಯಾಗಿದ್ದು 1969ರಲ್ಲಿ ಊರಲ್ಲಿ ತಿಮಿಂಗಿಲ ಮ್ಯೂಸಿಯಂ ತೆರೆದು, ಅದಕ್ಕೆ ಜೀವಂತ ಪ್ರಾಣಿಗಳು ಬೇಕಾದ ಮೇಲೆ. ನಮ್ಮಪ್ಪನಿಗಿಂತ ಚಿಕ್ಕ ಪರಂಪರೆ ಅದು.

ಇಷ್ಟೆಲ್ಲ ಗೊತ್ತಿದ್ದೂ ಲಿಂಕ್ ಒತ್ತುವ ಮೊದಲು ನಾನು ಪ್ರತಿ ಸಲ ಒಂದು ಕ್ಷಣ ತಡೀತೀನಿ. ಕಾರಣ ಒಂದು ಶಬ್ದ.

ಡಾಲ್ಫಿನ್‌ಗೆ ಜಪಾನಿ ಭಾಷೆಯಲ್ಲಿ ಇರುಕಾ ಅಂತಾರೆ. ಅದನ್ನು ಚೀನೀ ಮೂಲದ ಎರಡು ಅಕ್ಷರಗಳಲ್ಲಿ ಬರೀತಾರೆ. ಮೊದಲನೆಯದು ಸಮುದ್ರ, ಎರಡನೆಯದು ಹಂದಿ. ನಮ್ಮ ಕನ್ನಡ ನಿಘಂಟು ತೆಗೆದರೆ ಅಲ್ಲೂ ಅದೇ: ಕಡಲಹಂದಿ. ಡಾಲ್ಫಿನ್ನಿನ ದಾಯಾದಿಗೆ ಇಂಗ್ಲಿಷಿನವರು ಇಟ್ಟ ಪಾರ್ಪಸ್ ಅನ್ನೋ ಹೆಸರಿನ ಬೇರು ಲ್ಯಾಟಿನ್ನಿನಲ್ಲಿದೆ, ಅದರ ಅರ್ಥವೂ ಹಂದಿಮೀನು. ಒಬ್ಬರನ್ನೊಬ್ಬರು ಕೇಳದೆ ಮೂರು ನಾಡಿನವರು ಒಂದೇ ಪ್ರಾಣಿಯನ್ನು ನೋಡಿ ಹಂದಿ ಅಂದಿದ್ದಾರೆ. ದುಂಡನೆ ಮೈ, ಚರ್ಮದಡಿ ಕೊಬ್ಬು, ಹಿಂಡಿನ ಬದುಕು. ತಮಾಷೆ ಇಲ್ಲಿಗೆ ಮುಗಿಯೋದಿಲ್ಲ. ಎದೊ ಕಾಲದ ಜಪಾನಿನಲ್ಲಿ ಬೌದ್ಧ ಧರ್ಮದ ಪ್ರಭಾವದಿಂದ ನಾಲ್ಕು ಕಾಲಿನ ಪ್ರಾಣಿ ತಿನ್ನೋದು ಒಳ್ಳೆಯದಲ್ಲ ಅನ್ನೋ ಭಾವನೆ ಇತ್ತು. ಮೀನಿಗೆ ಅಡ್ಡಿ ಇರಲಿಲ್ಲ, ತಿಮಿಂಗಿಲವನ್ನು ಮೀನಿನ ಲೆಕ್ಕಕ್ಕೇ ಸೇರಿಸಿಕೊಂಡಿದ್ದರು. ಹಾಗಾಗಿ ಕಾಡುಹಂದಿ ಮಾರುವ ಅಂಗಡಿಯವರು ಅದನ್ನು 'ಯಾಮಾಕುಜಿರಾ' ಅಂತ ಮಾರಿದರು. ಅಂದರೆ ಬೆಟ್ಟದ ತಿಮಿಂಗಿಲ. ಹಿರೊಶಿಗೆ ಅನ್ನೋ ಚಿತ್ರಕಾರ ಇಂಥ ಅಂಗಡಿಯ ಬೋರ್ಡನ್ನು ಹಿಮ ಸುರಿಯುವ ಬೀದಿಯ ಚಿತ್ರವೊಂದರಲ್ಲಿ ಬರೆದಿಟ್ಟಿದ್ದಾನೆ.

ಸಮುದ್ರದಲ್ಲಿರೋದು ಹಂದಿ, ಬೆಟ್ಟದಲ್ಲಿರೋದು ತಿಮಿಂಗಿಲ. ಯಾವುದನ್ನು ತಿನ್ನಬಹುದು, ಯಾವುದಕ್ಕೆ ಅಳಬೇಕು ಅನ್ನೋದನ್ನು ಮನುಷ್ಯ ಹೆಸರಿನಲ್ಲೇ ತೀರ್ಮಾನ ಮಾಡಿಬಿಡ್ತಾನೆ. ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ನೀವು ಏನೂ ಮಾಡೂದಿಲ್ಲಲ್ರೀ?" ಅಂತ ಕೇಳ್ತಾರೆ. ಆ 'ಏನೂ' ಅನ್ನೋದರೊಳಗೆ ಕೋಳಿ, ಕುರಿ, ಮೀನು, ಮೊಟ್ಟೆ, ಜೊತೆಗೆ ನಿಮ್ಮ ಅಡ್ಡಹೆಸರು, ಎಲ್ಲ ಇರುತ್ತೆ.

ನಾನಿರೋದು ಧಾರವಾಡದ ಪಶ್ಚಿಮದ ಅಂಚು ಕೆಲಗೇರಿಯಲ್ಲಿ. ಕೆರೆಯ ಹತ್ತಿರ ಮನೆ, ಮಹಡಿ ಮೇಲಿನ ಕೋಣೆಯಿಂದ ಕೆಲಸ, ಜಪಾನಿನ ಸಮಯಕ್ಕೆ ಹೊಂದಿಸಿಕೊಂಡಿದ್ದಕ್ಕೆ ಸಂಜೆ ಬೇಗ ಬಿಡುವು. ಮನೆಯ ಮುಂದಿನ ಗೋವಾ ರಸ್ತೆ ಹಿಡಿದು ಹೋದರೆ ಅಳ್ನಾವರ, ಅಲ್ಲಿಂದ ಒಂದಿಷ್ಟು ಒಳಗೆ ನಮ್ಮೂರು. ಬಿಇ ಓದೋಕೆ ಅಂತ ಬಿಟ್ಟ ಊರು. ಈಗ ಅಣ್ಣ ಇದ್ದಾನೆ, ಆರು ಎಕರೆ ಇದೆ, ಮಗ್ಗುಲಲ್ಲೇ ಕಾಡಿದೆ, ಕಾಡಿನಲ್ಲಿ ಹಂದಿ ಇವೆ.

ಕಾಡುಹಂದಿ ಹೊಲಕ್ಕೆ ಬೀಳೋದನ್ನು ಕಾಣದವರಿಗೆ ಹೇಳೋದು ಕಷ್ಟ. ಗೋವಿನಜೋಳ ಹಾಲುತೆನೆ ಕಟ್ಟಿದಾಗ ಸರಿಯಾಗಿ ಬರ್ತಾವೆ. ದನ ಬಂದರೆ ಅಂಚಿನಲ್ಲಿ ಮೇಯುತ್ತೆ. ಹಂದಿ ಹಾಗಲ್ಲ, ನಡುಹೊಲಕ್ಕೆ ನುಗ್ಗಿ, ದಂಟು ಮುರಿದು ಕೆಡವಿ, ಒಂದು ತೆನೆಗೆ ಒಂದು ಬಾಯಿ ಹಾಕಿ ಮುಂದೆ ಹೋಗುತ್ತೆ. ಹೋದ ವರ್ಷ ಬೆಳಗ್ಗೆ ಆರಕ್ಕೆ ಅಣ್ಣನ ಫೋನು. "ತಮ್ಮಾ, ರಾತ್ರಿ ಹಂದಿ ಬಿದ್ದು ಎರಡ ಎಕರೆ ಮಲಗಿಸ್ಯಾವ. ತಿಂದಿದ್ದ ಕಡಿಮಿ, ತುಳದದ್ದ ಜಾಸ್ತಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹನ್ನೊಂದು ರಾತ್ರಿ ಮಂಚಿಕೆ ಮೇಲೆ ಕೂತು, ಡಬ್ಬಿ ಬಡಿದು, ಪಟಾಕಿ ಹಾರಿಸಿ, ಹನ್ನೆರಡನೇ ರಾತ್ರಿ ಮಗಳಿಗೆ ಜ್ವರ ಬಂತು ಅಂತ ಮನೆಯಲ್ಲಿ ಮಲಗಿದ್ದ. ಪರಿಹಾರ ಬಂತು. ಬೀಜ-ಗೊಬ್ಬರದ ಲೆಕ್ಕಕ್ಕೂ ಸಾಲಲಿಲ್ಲ.

ನಾನು ಸಣ್ಣವನಿದ್ದಾಗ ಊರಲ್ಲಿ ಹಂದಿ ಬ್ಯಾಟಿ ನಡೆಯುತ್ತಿತ್ತು. ಕಾನೂನು ಆಗಲೂ ಇತ್ತು, ಊರಿಗೆ ಬಂದಿರಲಿಲ್ಲ ಅಷ್ಟೆ. ಒಂದು ಕಡೆ ಬಲೆ ಕಟ್ಟಿ, ಇನ್ನೊಂದು ಕಡೆಯಿಂದ ಹಲಗಿ, ಡಬ್ಬಿ, ಬಾಯಿ ಎಲ್ಲ ಸೇರಿಸಿ ಗದ್ದಲ ಎಬ್ಬಿಸಿ, ನಾಯಿ ಬಿಟ್ಟು ಸೋವುತ್ತಿದ್ದರು. ತೈಜಿಯ ವಿಡಿಯೋ ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಅದೇ ಸದ್ದು. ಸಿಕ್ಕ ಮಾಂಸ ಪಾಲಾಗುತ್ತಿತ್ತು: ಬಲೆಯವನಿಗೆ, ನಾಯಿಯವನಿಗೆ, ಮೊದಲು ಹೊಡೆದವನಿಗೆ, ಹೊಲದವನಿಗೆ. ಗಟಾರದ ಹಂದಿ ಅಂದರೆ ಮೂಗು ಮುಚ್ಚಿಕೊಳ್ಳುವವರೂ ಅಡವಿ ಹಂದಿ ಅಂದರೆ ಕದ ಮುಂದೆ ಮಾಡಿಕೊಂಡು ಒಲೆ ಹಚ್ಚುತ್ತಿದ್ದರು. ಕನ್ನಡದ ನೆಲಕ್ಕೆ ಇದೇನು ಹೊಸದಲ್ಲ. ಮಂಡ್ಯದ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಕಾಲದ ಒಂದು ಶಾಸನ ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಾಳಿ ಅನ್ನೋ ಬೇಟೆನಾಯಿ ಹಂದಿಯೊಂದರ ಜೊತೆ ಹೋರಾಡಿ, ನಾಯಿಯೂ ಹಂದಿಯೂ ಸತ್ತ ಕಥೆ ಅದರಲ್ಲಿದೆ. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ಹಂದಿಯನ್ನೂ ಕೆತ್ತಿದರು.

ಈಗಿನ ಕಾನೂನಿನ ಪ್ರಕಾರ ಡಾಲ್ಫಿನ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಹುಲಿ-ಆನೆಗಳ ಸಾಲಿನಲ್ಲಿ. ಕಾಡುಹಂದಿ ಮೂರನೆಯದರಲ್ಲಿತ್ತು, 2022ರ ತಿದ್ದುಪಡಿ ಮರುವರ್ಷ ಜಾರಿಯಾದ ಮೇಲೆ ಎರಡನೆಯದಕ್ಕೆ ಬಂತು. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಅನುಮತಿ ಪಡೆದು ಕೊಲ್ಲೋಕೆ ದಾರಿ ಇದೆ. ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಅಂತ ಒಂದು ಪ್ರಾಣಿಯನ್ನು 'ಪೀಡೆ' ಅಂತ ಘೋಷಿಸುವ ಅಧಿಕಾರ ಕೇಂದ್ರಕ್ಕಿದೆ. ಉತ್ತರಾಖಂಡದಲ್ಲಿ 2016ರಲ್ಲಿ ಕಾಡುಹಂದಿಗೆ ಹಾಗೆ ಮಾಡಿದರು. ಅದೇ ವರ್ಷ ಬಿಹಾರದ ಮೊಕಾಮಾದಲ್ಲಿ ಬಂದೂಕಿನವರನ್ನು ಕರೆಸಿ 200ಕ್ಕೂ ಹೆಚ್ಚು ನೀಲಗಾಯ್ ಹೊಡೆಸಿದಾಗ, ಒಂದೇ ಸರಕಾರದ ಇಬ್ಬರು ಕೇಂದ್ರ ಮಂತ್ರಿಗಳು, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಬಹಿರಂಗವಾಗಿ ಜಗಳಾಡಿದರು. ಕೇರಳ ತನ್ನ ಕಾಡುಹಂದಿಗೂ ಆ ಪಟ್ಟ ಕೊಡಿ ಅಂತ ಕೇಳುತ್ತಲೇ ಇತ್ತು, ಕೇಂದ್ರ ಒಪ್ಪಲಿಲ್ಲ. 2022ರಲ್ಲಿ ಪಂಚಾಯಿತಿ ಅಧ್ಯಕ್ಷರಿಗೇ ಅನುಮತಿ ಕೊಡುವ ಅಧಿಕಾರ ಒಪ್ಪಿಸಿ ಕೇರಳ ತನ್ನದೇ ದಾರಿ ಮಾಡಿಕೊಂಡಿತು.

ಡಾಲ್ಫಿನ್‌ನ್ನು ಯಾರಾದರೂ ಪೀಡೆ ಅಂತಾರಾ ಅಂತ ನೀವು ಕೇಳಬಹುದು. ಅಂದಿದ್ದಾರೆ. ಜಪಾನಿನದೇ ಇಕಿ ದ್ವೀಪದಲ್ಲಿ 1970ರ ದಶಕದ ಕೊನೆಗೆ ಮೀನುಗಾರರು ಡಾಲ್ಫಿನ್‌ಗಳನ್ನು ಅಟ್ಟಿ ತಂದು ಕೊಂದರು, 1978ರಲ್ಲಿ ಒಂದೇ ಸಲಕ್ಕೆ ಸುಮಾರು 1,000. ಕಾರಣ, ಅವರ ಜೀವನ ನಿಂತಿದ್ದ ಬುರಿ ಮೀನನ್ನು ಡಾಲ್ಫಿನ್ ತಿಂದುಹಾಕುತ್ತಿದೆ ಅನ್ನೋದು. 1980ರಲ್ಲಿ ಡೆಕ್ಸ್ಟರ್ ಕೇಟ್ ಅನ್ನೋ ಅಮೆರಿಕನ್ ರಾತ್ರಿ ಹೋಗಿ ಬಲೆ ಬಿಚ್ಚಿ ನೂರಾರು ಡಾಲ್ಫಿನ್‌ಗಳನ್ನು ಬಿಟ್ಟುಬಿಟ್ಟ, ಜೈಲಿಗೂ ಹೋದ. ನನಗೆ ಕೇಟ್ ಮೇಲೆ ಗೌರವ ಇದೆ. ಆದರೆ ಆ ಬೆಳಗ್ಗೆ ಖಾಲಿ ಬಲೆ ನೋಡಿ ನಿಂತ ಮೀನುಗಾರನ ಮುಖ ನನಗೆ ಪರಿಚಯದ್ದು. ನಮ್ಮಣ್ಣನ ಹೊಲದ ಮುಖ ಅದು. ಮೀನು ಕಡಿಮೆಯಾಗೋದಕ್ಕೆ ಡಾಲ್ಫಿನ್ ಒಂದೇ ಕಾರಣವಲ್ಲ, ಮನುಷ್ಯ ಬಲೆ ಹಾಕಿ ಬಾಚಿಕೊಂಡಿದ್ದೂ ಕಾರಣ ಅನ್ನೋದು ಸರಿಯೇ. ಹಂದಿ ಹೊಲಕ್ಕೆ ಬರೋದಕ್ಕೂ ಕಾಡಿನ ಅಂಚಿನವರೆಗೆ ನಾವು ಕಬ್ಬು, ಗೋವಿನಜೋಳ ತುಂಬಿಸಿದ್ದು ಕಾರಣ. ಈ ಮಾತನ್ನು ಬೆಳಗ್ಗೆ ಆರಕ್ಕೆ ಫೋನಿನಲ್ಲಿ ಹೇಳೋಕೆ ಆಗೋದಿಲ್ಲ.

ನಮ್ಮ ಕ್ಲೈಂಟ್ ಕಡೆ ಒಬ್ಬರಿದ್ದಾರೆ, ಒಸಾಕಾದವರು, ನನಗಿಂತ ಹತ್ತು ವರ್ಷ ಹಿರಿಯರು. ಎರಡು ವಾರಕ್ಕೆ ಅಂತ ಇಲ್ಲಿಗೆ ಬಂದಾಗ ಊಟದ ಹೊತ್ತಿನಲ್ಲಿ ತೈಜಿಯ ಮಾತು ಬಂತು. ನಾನು ತೆಗೆದಿದ್ದಲ್ಲ, ನಮ್ಮ ಗುಂಪಿನ ಧೈರ್ಯವಂತೆಯೊಬ್ಬಳು ತೆಗೆದಳು. ಅವರು ಚಪಾತಿ ಕೆಳಗಿಟ್ಟು ಹೇಳಿದ್ದು ಇಷ್ಟು: ನಾನು ಹುಟ್ಟಿದಾಗಿನಿಂದ ಇರುಕಾ ತಿಂದಿಲ್ಲ, ನನ್ನ ಪರಿಚಯದವರು ಯಾರೂ ತಿನ್ನೋದಿಲ್ಲ, ಆ ಬೇಟೆ ನಿಂತರೆ ನನಗೆ ಬೇಜಾರೂ ಇಲ್ಲ. ಆದರೆ ಹೊರಗಿನವರು ಕ್ಯಾಮೆರಾ ಹಿಡಿದು ಬಂದು ಅರಚಿದಾಗ ಮಾತ್ರ ತೈಜಿಯವರ ಪಕ್ಕ ನಿಲ್ಲಬೇಕು ಅನ್ನಿಸುತ್ತೆ.

ನಾವೆಲ್ಲ ಸುಮ್ಮನಾದೆವು. ಯಾಕಂದರೆ 2017ರ ಜನವರಿ ನಮಗೆಲ್ಲ ನೆನಪಿತ್ತು. ಜಲ್ಲಿಕಟ್ಟಿನ ಸಲುವಾಗಿ ಚೆನ್ನೈನ ಮರೀನಾ ಬೀಚಿನಲ್ಲಿ ಕೂತವರಲ್ಲಿ ಐಟಿಯವರೂ ಇದ್ದರು. ಗೂಳಿಯ ಬಾಲ ಒಂದು ದಿನವೂ ಹಿಡಿಯದವರು. ಇತ್ತ ನಾವು ಕಂಬಳ ಉಳಿಸಿ ಅಂತ ಡಿಪಿ ಬದಲಿಸಿದೆವು. ಕರ್ನಾಟಕ ಕಾಯ್ದೆ ತಿದ್ದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕೋಣಕ್ಕೆ ನೋವಾಗುತ್ತಾ ಇಲ್ಲವಾ ಅನ್ನೋ ಪ್ರಶ್ನೆ ಎಲ್ಲೋ ನಡುವೆ ಕಳೆದುಹೋಗಿ, ಕೇಳುವವರು ಯಾರು ಅನ್ನೋದೇ ಪ್ರಶ್ನೆಯಾಗಿತ್ತು. ತೈಜಿಯಲ್ಲೂ ಅದೇ ಆಗಿದ್ದು. ಬೇಟೆಯವರು ಕೆಲವೇ ಜನ, ತಿನ್ನುವವರೂ ಕಡಿಮೆ. ಆದರೆ ಅದು ದೇಶದ ಮಾನದ ವಿಷಯ ಆಗಿಬಿಟ್ಟ ಮೇಲೆ ನಿಲ್ಲಿಸೋರು ಯಾರು? ಗಮನಿಸಿ: ಹೊರಗಿನ ಒತ್ತಡ ಫಲಿಸಿದ್ದು ಕಿರುಚಾಟದಿಂದಲ್ಲ. 2015ರಲ್ಲಿ ಅಕ್ವೇರಿಯಂಗಳ ಜಾಗತಿಕ ಒಕ್ಕೂಟ ಜಪಾನಿನ ಸಂಘವನ್ನು ಅಮಾನತು ಮಾಡಿತು. ಸದಸ್ಯತ್ವ ಉಳಿಸಿಕೊಳ್ಳೋಕೆ ಅವರು ಇನ್ನು ಮುಂದೆ ತೈಜಿಯ ಡಾಲ್ಫಿನ್ ತಗೊಳ್ಳೋದಿಲ್ಲ ಅಂತ ತೀರ್ಮಾನ ಮಾಡಿದರು. ಬೇಟೆ ನಿಲ್ಲಲಿಲ್ಲ, ಸಂಘದಲ್ಲಿಲ್ಲದವರು, ಬೇರೆ ದೇಶದವರು ಕೊಳ್ಳುತ್ತಾರೆ. ಆದರೂ ಪೆಟ್ಟು ಬೀಳಬೇಕಾದ ಜಾಗಕ್ಕೆ, ಅಂದರೆ ಗಿರಾಕಿಗೆ, ಬಿದ್ದಿತ್ತು.

ಗಿರಾಕಿ ಅಂದ ಮೇಲೆ ಒಂದು ಅಂಕಿ ಹೇಳಲೇಬೇಕು. ಪೆಸಿಫಿಕ್ ಸಾಗರದ ಪೂರ್ವ ಭಾಗದಲ್ಲಿ ಟ್ಯೂನಾ ಮೀನು ಡಾಲ್ಫಿನ್ ಹಿಂಡಿನ ಕೆಳಗೇ ಈಜುತ್ತೆ. 1950ರ ದಶಕದ ಕೊನೆಯಿಂದ ಅಲ್ಲಿ ದೊಡ್ಡ ಸುತ್ತುಬಲೆ ಹಾಕಿ, ಡಾಲ್ಫಿನ್ ಸಮೇತ ಸುತ್ತುವರಿದು ಟ್ಯೂನಾ ಹಿಡಿದರು. ಹೀಗೆ ಸತ್ತ ಡಾಲ್ಫಿನ್‌ಗಳು 60 ಲಕ್ಷಕ್ಕೂ ಹೆಚ್ಚು ಅಂತ ಅಮೆರಿಕದ ಸರಕಾರದ ವಿಜ್ಞಾನಿಗಳೇ ಲೆಕ್ಕ ಹಾಕಿದ್ದಾರೆ. ಅಮೆರಿಕದ 1972ರ ಕಡಲ ಸಸ್ತನಿ ಕಾಯ್ದೆ ಬಂದಿದ್ದರ ಹಿಂದೆ ಈ ಸಾವುಗಳೂ ಇದ್ದವು. 1990ರ ಹೊತ್ತಿಗೆ ಟ್ಯೂನಾ ಡಬ್ಬಿಯ ಮೇಲೆ 'ಡಾಲ್ಫಿನ್‌ಗೆ ಸುರಕ್ಷಿತ' ಅನ್ನೋ ಚೀಟಿ ಬಂತು, ಸಾವು ಬಹಳ ಇಳಿಯಿತು. ಅಲ್ಲಿಯವರೆಗೆ ಆ 60 ಲಕ್ಷಕ್ಕೆ ಒಬ್ಬ ಬೇಟೆಗಾರನೂ ಇರಲಿಲ್ಲ. ಯಾರೂ ಡಾಲ್ಫಿನ್ ಕೊಲ್ಲಬೇಕು ಅಂತ ಹೊರಟವರಲ್ಲ, ಸ್ಯಾಂಡ್‌ವಿಚ್‌ಗೆ ಮೀನು ಬೇಕಿತ್ತು ಅಷ್ಟೆ.

ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ರಾಜ ಕೊಲ್ಲೋದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಇತ್ತಲ್ಲ, ಅದಕ್ಕೆ ಜನ್ಮಜನ್ಮ ಅಲೀತಾನೆ. ಸತ್ತ ಪ್ರಾಣಿ ಇಲ್ಲ, ಪಾಪ ಇದೆ. ಟ್ಯೂನಾ ಬಲೆಯದು ಇದರ ಉಲ್ಟಾ. 60 ಲಕ್ಷ ಹೆಣ ಇವೆ, ಸಂಕಲ್ಪ ಯಾರದೂ ಅಲ್ಲ. ನಮ್ಮ ಸಿಟ್ಟು ಜನ್ನನ ಲೆಕ್ಕವನ್ನೇ ಹಿಡಿದು ಹೋಗುತ್ತೆ: ಈಟಿ ಹಿಡಿದವನು ಕಣ್ಣಿಗೆ ಕಂಡರೆ ಸಿಟ್ಟು. ತೈಜಿಯವನು ಕಾಣ್ತಾನೆ. ಯುಗಾದಿ ಮುಗಿದ ಮೇಲೆ ಮೊಲದ ಬೇಟೆಗೆ ಹೋಗುವ ರಾಯಚೂರು ಕಡೆಯ ಹಳ್ಳಿಯವನು ಕಾಣ್ತಾನೆ. ಗಂಗೆಯ ಡಾಲ್ಫಿನ್ ಎಣ್ಣೆಯನ್ನು ಮೀನಿಗೆ ಆಮಿಷವಾಗಿ ಬಳಸುತ್ತಿದ್ದ ಬಿಹಾರದ ಬೆಸ್ತ ಕಾಣ್ತಾನೆ. ಅವನ ವಿಷಯದಲ್ಲಿ ಪಟ್ನಾದ ಪ್ರೊಫೆಸರ್ ಆರ್. ಕೆ. ಸಿನ್ಹಾ ಬೈದು ಸುಮ್ಮನಾಗಲಿಲ್ಲ. ಬಿಸಾಡುವ ಮೀನಿನ ಚೂರುಗಳಿಂದ ತೆಗೆದ ಎಣ್ಣೆಯೂ ಅದೇ ಕೆಲಸ ಮಾಡುತ್ತೆ ಅಂತ ತೋರಿಸಿಕೊಟ್ಟರು. ಡಾಲ್ಫಿನ್ ಉಳಿಸೋಕೆ ನಡೆದ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಇವರನ್ನೆಲ್ಲ ಕಾಣುವ ನಮಗೆ ಅಣೆಕಟ್ಟು ಕಾಣೋದಿಲ್ಲ, ಹಡಗಿನ ಎಂಜಿನ್ ಸದ್ದು ಕೇಳೋದಿಲ್ಲ, ಬಲೆಗೆ ಸಿಕ್ಕಿ ಉಸಿರುಗಟ್ಟಿದ್ದು ಗೊತ್ತಾಗೋದಿಲ್ಲ. ಡಾಲ್ಫಿನ್‌ಗೆ ಉಸಿರಾಡೋಕೆ ಮೇಲೆ ಬರಲೇಬೇಕು. ಬಲೆ ಹಿಡಿದುಕೊಂಡರೆ ನೀರಿನ ಪ್ರಾಣಿ ನೀರಲ್ಲೇ ಮುಳುಗಿ ಸಾಯುತ್ತೆ.

ಕಾರವಾರ ನಮಗೆ ದೂರವಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ ದಾಟಿ ಕಾಳಿ ನದಿಯ ಜೊತೆಜೊತೆಗೆ ಇಳಿದರೆ ಮೂರೂವರೆ, ನಾಲ್ಕು ತಾಸಿನ ದಾರಿ. ನದಿ ಸಮುದ್ರ ಸೇರುವ ಕಡೆ ಗೂನುಬೆನ್ನಿನ ಡಾಲ್ಫಿನ್‌ಗಳಿವೆ. ಮದುವೆಯಾದ ವರ್ಷ ನಾವಿಬ್ಬರೂ ಹೋಗಿದ್ದೆವು. ದೋಣಿಯವ ಮೊದಲೇ ಹೇಳಿದ, "ಸಾರ್, ಕಂಡ್ರೆ ನಿಮ್ಮ ಅದೃಷ್ಟ. ಕಾಣ್ಲಿಲ್ಲ ಅಂತ ಆಮೇಲೆ ದುಡ್ಡು ವಾಪಸ್ ಕೇಳ್ಬೇಡಿ." ಕಂಡವು. ಬೂದುಬಣ್ಣದ ಎರಡು ಬೆನ್ನು ಎದ್ದು ಮುಳುಗಿದವು, ಹೆಂಡತಿ ನನ್ನ ಕೈ ಹಿಡಿದು ಒತ್ತಿದಳು, ಫೋಟೋಗೆ ಸಿಗಲಿಲ್ಲ. ಅಷ್ಟರಲ್ಲಿ ಸುದ್ದಿ ಹಬ್ಬಿ ಇನ್ನೂ ಮೂರು ದೋಣಿ ಬಂದವು. ನಾಲ್ಕೂ ಕಡೆಯಿಂದ ಎಂಜಿನ್ ಸದ್ದು. ಬೆನ್ನು ಎದ್ದ ಕಡೆ ಎಲ್ಲರೂ ತಿರುಗಿಸಿದರು. ಮತ್ತೆ ಆ ಜೋಡಿ ಕಾಣಲಿಲ್ಲ. ದೋಣಿಯವನೇ ಎಂಜಿನ್ ಆರಿಸಿ, "ಇಷ್ಟು ಗದ್ಲ ಮಾಡಿದ್ರೆ ಅವು ಯಾಕ್ ನಿಲ್ತಾವೆ ಸಾರ್" ಅಂದ. ಆ ಕಡಲತೀರದಲ್ಲಿ ಸತ್ತ ಡಾಲ್ಫಿನ್ ಬಂದು ಬಿದ್ದ ಸುದ್ದಿ ಪೇಪರಿನಲ್ಲಿ ಆಗಾಗ ಓದ್ತೀವಿ. ಅದಕ್ಕೆ ಅರ್ಜಿಯ ಲಿಂಕ್ ಬರೋದಿಲ್ಲ, ಯಾರ ಹೆಸರಿಗೆ ಬರೀತೀರಿ?

ಡಾಲ್ಫಿನ್ ಬುದ್ಧಿವಂತ ಪ್ರಾಣಿ, ಅದಕ್ಕೇ ಕೊಲ್ಲಬಾರದು ಅನ್ನೋ ವಾದ ನಮ್ಮ ಗುಂಪಿನಲ್ಲಿ ಬಹಳ ಓಡುತ್ತೆ. ಇಂಟರ್ವ್ಯೂ ಪಾಸಾದವರಿಗೆ ಬದುಕುವ ಹಕ್ಕು ಅನ್ನೋ ಹಾಗೆ. 2013ರ ಮೇ ತಿಂಗಳಲ್ಲಿ ನಮ್ಮ ಪರಿಸರ ಸಚಿವಾಲಯ ಡಾಲ್ಫಿನೇರಿಯಂಗಳಿಗೆ ಅವಕಾಶ ಕೊಡಬೇಡಿ ಅಂತ ಸುತ್ತೋಲೆ ಹೊರಡಿಸಿದಾಗಲೂ, ಇವುಗಳನ್ನು 'ಮನುಷ್ಯರಲ್ಲದ ವ್ಯಕ್ತಿ'ಗಳೆಂದು ನೋಡಬೇಕು ಅನ್ನೋ ವಿಜ್ಞಾನಿಗಳ ಮಾತನ್ನು ಅದರಲ್ಲಿ ಸೇರಿಸಿತ್ತು. ಒಳ್ಳೆಯ ನಿರ್ಧಾರ. 1998ರಲ್ಲಿ ಚೆನ್ನೈ ಹತ್ತಿರದ ಪಾರ್ಕಿಗೆ ಬಲ್ಗೇರಿಯಾದಿಂದ ತರಿಸಿದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತಿದ್ದನ್ನು ಕಂಡ ದೇಶ ನಮ್ಮದು. ಆದರೆ ಬುದ್ಧಿಯ ವಾದ ನನಗೆ ಒಗ್ಗೋದಿಲ್ಲ. ಡಾಲ್ಫಿನ್ ಕನ್ನಡಿಯಲ್ಲಿ ತನ್ನನ್ನೇ ಗುರುತಿಸುತ್ತೆ ಅಂತ 2001ರಲ್ಲಿ ತೋರಿಸಿದರು. 2009ರಲ್ಲಿ ಕೇಂಬ್ರಿಜ್‌ನವರು ಹಂದಿಗಳಿಗೆ ಕನ್ನಡಿ ಕೊಟ್ಟರು. ಅವು ಕನ್ನಡಿಯಲ್ಲಿ ಕಂಡ ಊಟದ ಬಟ್ಟಲು ನಿಜವಾಗಿ ಎಲ್ಲಿದೆ ಅಂತ ಲೆಕ್ಕ ಹಾಕಿ, ಹಿಂದೆ ತಿರುಗಿ ಅಲ್ಲಿಗೇ ಹೋದವು. ಹಂದಿ ಏನು ದಡ್ಡ ಅಲ್ಲ. ಬೇಕಾದರೆ ನಮ್ಮಣ್ಣನನ್ನು ಕೇಳಿ, ಹಬ್ಬದ ರಾತ್ರಿ ಮಂಚಿಕೆ ಖಾಲಿ ಇರೋದು ಅವಕ್ಕೆ ಗೊತ್ತಿರುತ್ತಂತೆ. ಡಾಲ್ಫಿನ್‌ಗೆ ಇದ್ದು ಹಂದಿಗೆ ಇಲ್ಲದಿರೋದು ಬಾಯಿಯ ಆಕಾರ. ಡಾಲ್ಫಿನ್ ಸಾಯುವಾಗಲೂ ನಕ್ಕ ಹಾಗೆ ಕಾಣುತ್ತೆ.

ಹಾಗಾದರೆ ಬೇಟೆಯನ್ನು ಯಾವ ತಕ್ಕಡಿಯಲ್ಲಿ ತೂಗೋದು? ನನಗೆ ತೋಚಿದ ಮಟ್ಟಿಗೆ, ಪ್ರಾಣಿಯ ಮುಖಕ್ಕಿಂತ ಅದರ ಸಾವಿನಿಂದ ಯಾರ ತಟ್ಟೆ ತುಂಬುತ್ತೆ, ಬೇರೆ ದಾರಿ ಇತ್ತಾ, ಕೊಂದವನಿಗೆ ಅದು ಕಾಣಿಸ್ತಾ ಅನ್ನೋದನ್ನು ಕೇಳಬೇಕು. ಈ ಲೆಕ್ಕದಲ್ಲಿ ತೈಜಿ ನಿಲ್ಲೋದಿಲ್ಲ. ಅಲ್ಲಿ ಹಸಿವಿಲ್ಲ, ಟಿಕೆಟ್ ಇದೆ. ನನಗೆ ಕಷ್ಟವಾಗೋದು ಫೆರೋ ದ್ವೀಪಗಳು. ಅಲ್ಲಿ ಪೈಲಟ್ ತಿಮಿಂಗಿಲದ ಹಿಂಡನ್ನು ದಡಕ್ಕೆ ಅಟ್ಟಿ ಊರೇ ಸೇರಿ ಕೊಲ್ಲುತ್ತೆ, ಮಾಂಸ ಮನೆಮನೆಗೆ ಪಾಲಾಗುತ್ತೆ. ನಮ್ಮೂರ ಬ್ಯಾಟಿಯ ಪಾಲಿನ ಹಾಗೇ. ಅದನ್ನು ಬೈಯೋಕೆ ಬಾಯಿ ಬರ್ತಿರಲಿಲ್ಲ. ಆದರೆ 2021ರ ಸೆಪ್ಟೆಂಬರ್ 12ರಂದು ಒಂದೇ ದಿನ 1,428 ಡಾಲ್ಫಿನ್‌ಗಳನ್ನು ಕೊಂದರು. ಅಷ್ಟು ದೊಡ್ಡ ಹಿಂಡನ್ನು ಬೇಗ ಮುಗಿಸೋಕೆ ದಡದಲ್ಲಿ ಜನ ಸಾಲಲಿಲ್ಲ, ಊರಿನವರೇ ತಲೆ ತಗ್ಗಿಸಿದರು, ಮರುವರ್ಷ ಸರಕಾರ 500ರ ಮಿತಿ ಹಾಕಿತು. ಅದಕ್ಕೂ ಮುಂಚೆ, 2008ರಲ್ಲಿ, ಅಲ್ಲಿನ ವೈದ್ಯಾಧಿಕಾರಿಗಳೇ ಪೈಲಟ್ ತಿಮಿಂಗಿಲದ ಮಾಂಸ ಇನ್ನು ತಿನ್ನಬೇಡಿ ಅಂದಿದ್ದರು, ಪಾದರಸ ಅಷ್ಟಿತ್ತು. ಆ ಪಾದರಸ ಫೆರೋದವರು ಸುರಿದಿದ್ದಲ್ಲ. ಎಲ್ಲೆಲ್ಲೋ ಉರಿದ ಕಲ್ಲಿದ್ದಲು ಸಮುದ್ರ ಸೇರಿ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರಿ, ಕೊನೆಗೆ ಅವರ ಬಾಣಂತಿಯರ ತಟ್ಟೆಗೆ ಬಂದಿತ್ತು.

ಅಣ್ಣ ಹೋದ ವರ್ಷ ಎರಡನೇ ಸಲ ಫೋನ್ ಮಾಡಿದ್ದು ಒಂದು ವಾರ ಬಿಟ್ಟು. ಊರಲ್ಲಿ ಕೆಲವರು ಕಂಬದಿಂದ ನೇರ ಕರೆಂಟ್ ಎಳೆದು ಹೊಲದ ಸುತ್ತ ತಂತಿ ಬಿಟ್ಟಿದ್ದರು. "ಎಲ್ಲಾರೂ ಬಿಟ್ಟಾರ. ಒಂದ ರಾತ್ರಿ ಸಾಕು, ಮುಗದ ಹೋಗತೈತಿ. ಏನಂತಿ?" ಬೇಡವೇ ಬೇಡ ಅಂದೆ. ಆ ತಂತಿಗೆ ಹಂದಿ ಯಾವುದು, ಎತ್ತು ಯಾವುದು, ನೀರು ಹಾಯಿಸೋಕೆ ಹೋದ ಮನುಷ್ಯ ಯಾರು ಗೊತ್ತಾಗೋದಿಲ್ಲ. ಹಿಂದಿನ ವರ್ಷ ಪಕ್ಕದೂರಲ್ಲಿ ಒಂದು ಜೋಡಿ ಎತ್ತು ಹೋಗಿದ್ದವು. ಹಲಗಿ ಬಡಿದು ಸೋವಿದ ಹಳೇ ಬ್ಯಾಟಿಗಾದರೂ ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ, ಮರಿ ಇದ್ದ ತಾಯಿಯನ್ನು ಬಿಡಿ ಅಂತ ಕೂಗುತ್ತಿದ್ದ. ಪಂಚಾಯಿತಿಯ ಲೆಕ್ಕದಲ್ಲಿ, ಅನುಮತಿ ಪಡೆದು, ಇಂತಿಷ್ಟೇ ಅಂತ ಹೊಡೆಯುವ ವ್ಯವಸ್ಥೆ ಬಂದರೆ ನಾನು ಅದರ ಪರ. ಆಫೀಸಿನಲ್ಲಿ ಇದನ್ನು ಹೇಳಿದ ದಿನ ಇಬ್ಬರು ನನ್ನ ಜೊತೆ ಊಟಕ್ಕೆ ಬರಲಿಲ್ಲ. ತಂತಿಗೆ ಮಾತ್ರ ಒಪ್ಪೋದಿಲ್ಲ.

"ಹಂಗಾರ ಏನ್ ಮಾಡೂನು? ನಿಮ್ಮ ಆಫೀಸಿನ್ಯಾಗ ನಮ್ಮ ಗೊಂಜಾಳದ ಸಲುವಾಗಿ ಯಾರರ ಸಹಿ ಮಾಡ್ತಾರೇನು?" ಅಂದ. ಅರ್ಜಿಯ ವಿಷಯ ಅವನಿಗೆ ನಾನೇ ಯಾವಾಗಲೋ ಹೇಳಿದ್ದೆ.

ಈ ವರ್ಷ ಜೂನ್‌ನಲ್ಲಿ ಇಬ್ಬರೂ ದುಡ್ಡು ಹಾಕಿ ಝಟಕಾ ಮಷೀನ್ ತಂದೆವು. ಸೋಲಾರ್ ಮೇಲೆ ಓಡುತ್ತೆ, ಬಿಟ್ಟುಬಿಟ್ಟು ಹೊಡೆಯುತ್ತೆ, ಮುಟ್ಟಿದ ಹಂದಿ ಕಿರುಚಿ ಓಡುತ್ತೆ, ಸಾಯೋದಿಲ್ಲ. ಸೆಪ್ಟೆಂಬರ್‌ನಲ್ಲಿ ಮತ್ತೆ ತೈಜಿಯ ಲಿಂಕ್ ಬಂತು, ಸಹಿ ಹಾಕಿದೆ. ಜೊತೆಗೆ, ಮಕ್ಕಳನ್ನು ಕರೆದುಕೊಂಡು ಥಾಯ್ಲೆಂಡ್, ದುಬೈ ಅಂತ ಟೂರ್ ಹೋಗುವವರು ಡಾಲ್ಫಿನ್ ಶೋ ಟಿಕೆಟ್ ತಗೋಬೇಡಿ ಅಂತ ಒಂದು ಸಾಲು ಬರೆದೆ. ಅದಕ್ಕೆ ಒಡೆದ ಹೃದಯಗಳು ಬರಲಿಲ್ಲ, ಎರಡು ಹೆಬ್ಬೆರಳು ಬಂದವು.

ಆ ವಾರವೇ ಊರಿಗೆ ಹೋಗಿದ್ದೆ. ನಮ್ಮ ಗೋವಿನಜೋಳ ಎದೆಮಟ್ಟ ನಿಂತಿತ್ತು. ಬದುವಿನ ಆಚೆ ಒಂದೂವರೆ ಎಕರೆ, ಅವ್ವ-ಮಗ ಇಬ್ಬರೇ ಮಾಡೋ ಹೊಲ, ಅರ್ಧ ಮಲಗಿತ್ತು. ಮೊದಲು ನಮ್ಮ ಕಡೆ ಬರುತ್ತಿದ್ದ ಹಿಂಡು ಈಗ ಅತ್ತ ತಿರುಗಿದೆ. ಅಣ್ಣ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತು, "ಅವರದ್ದೂ ಸೇರಿಸಿ ತಂತಿ ಎಳೀಬೇಕಂದ್ರ ಇನ್ನೊಂದು ಹದಿನೈದ ಸಾವಿರ ಬೀಳತೈತಿ" ಅಂದ. ಮುಂದಿನ ತಿಂಗಳು ಕಳಿಸ್ತೀನಿ ಅಂದೆ. ಅವನು ತಲೆಯಾಡಿಸಿ, ಕೈ ಎತ್ತಿ ಅದರಾಚೆಗೆ ತೋರಿಸಿದ. ಅಲ್ಲಿ ಇನ್ನೊಬ್ಬರ ಹೊಲ ಇತ್ತು.